ಕಾವಲುಗಾರ ಮಾವ, ಅವರ ಮೇಲೊಬ್ಬ ಅತ್ತೆ

ಜೀವ ಕೈಯಲ್ಲಿ ಹಿಡ್ಕೊಂಡು ಕೂತ ಮನೆಯಲ್ಲೇ ನಗೆಪಾಟಲು ಜಾಸ್ತಿ ನೋಡ್ರಿ. ಹೋದ ಸಲ ನನ್ನ ಬಸಿರು ಮೂರನೇ ತಿಂಗಳಿಗೇ ಇಳಿದುಹೋಗಿತ್ತು. ಈ ಸಲ ಹರಿಹರದ ನಮ್ಮ ಮನೆಯಲ್ಲಿ ಎಲ್ಲರಿಗೂ ಭಯ. ನನಗಂತೂ ವಿಪರೀತ, ಯಾಕಂದ್ರೆ ದಾವಣಗೆರೆಯ ಕಾಲೇಜಿನಲ್ಲಿ ನಾನು ಕಲಿಸೋದೇ ಭ್ರೂಣದ ಪಾಠ.

ಹಸಿ ಕಸ, ಒಣ ಕಸ

ಪಿ53 ಅಂತ ಒಂದು ಪ್ರೋಟೀನು, ಪ್ರತಿ ಜೀವಕೋಶದ ಕಾವಲುಗಾರ. ಕೋಶ ಕೆಟ್ಟರೆ ಅದರ ಬೆಳವಣಿಗೆ ನಿಲ್ಲಿಸುತ್ತೆ, ಇಲ್ಲ ಕೊಂದೇಬಿಡುತ್ತೆ. ಅದಕ್ಕೇ ಕ್ಯಾನ್ಸರ್ ಗಡ್ಡೆ ಸುಲಭಕ್ಕೆ ಏಳೋದಿಲ್ಲ. ಆದರೆ ಭ್ರೂಣ ಬೆಳೆಯುವಾಗ ಈ ಕಾವಲುಗಾರ ಹದ್ದು ಮೀರಿದರೆ ಭ್ರೂಣವೇ ಉಳಿಯೋದಿಲ್ಲ. ಹಾಗಾಗಿ ಎಂಡಿಎಂ2 ಅನ್ನೋ ಇನ್ನೊಂದು ಪ್ರೋಟೀನು ಅವನಿಗೆ ಗುರುತು ಹಚ್ಚಿ ಹಚ್ಚಿ ಕೋಶದ ಕಸಕ್ಕೆ ಕಳಿಸ್ತಿರುತ್ತೆ. ನಿಜವಾದ ಅಪಾಯ ಬಂದಾಗ ಮಾತ್ರ ಕೈ ಸಡಿಲ ಬಿಡುತ್ತೆ.

ಕ್ಲಾಸಿನ ಹುಡುಗಿಯರಿಗೆ ಇದು ತಿಳಿಯಲಿಲ್ಲ. "ಪಿ53 ಅಂದ್ರೆ ನಮ್ಮ ಮಾವ, ಎಂಡಿಎಂ2 ಅಂದ್ರೆ ನಮ್ಮತ್ತೆ" ಅಂದೆ. ಥಟ್ಟನೆ ತಿಳಿಯಿತು. ಅವರಲ್ಲೊಬ್ಬಳು ನಮ್ಮ ಓಣಿಯವಳೇ. ನಾನು ಮನೆ ಮುಟ್ಟುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ನಿಮ್ಮ ಮಾವನ್ನ ಕಸಕ್ಕೆ ಹಾಕ್ತೀನಂತೆ ನಾನು?"

ನಾನು ಚಪ್ಪಲಿ ಬಿಡದೆ ಮೆಟ್ಟಿಲ ಮೇಲೇ ನಿಂತೆ.

"ಎಷ್ಟು ಸಲ ಅನ್ಕೊಂಡೀನವ್ವ. ಹಸಿ ಕಸಕ್ಕೆ ಹಾಕ್ಬೇಕೋ ಒಣ ಕಸಕ್ಕೋ ತಿಳೀದೆ ಸುಮ್ನಾಗೀನಿ."

ಹಂಪ್!

ಮಾವನ ಕಾವಲು ನಾನು ಕಾಲೇಜಿಗೆ ಹೋಗೋ ಬಸ್ಸಿಗೂ ಬಂತು. ಡ್ರೈವರ್ ಹಿಂದೆ ಕೂತು, ಹಂಪು ಕಂಡಾಗಲೆಲ್ಲ "ಹಂಪ್! ಬಸ್ಸಿನಾಗೆ ಬಸುರಿ ಅದಾಳೆ!" ಅಂತ ಕಿರುಚೋರು. ನಾಚಿಕೆಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಒಮ್ಮೆ ಬಸ್ಸು ದಡಕ್ಕನೆ ಹಾರಿತು. ಹೊಟ್ಟೆ ಹಿಡಿದುಕೊಂಡು "ಶಿವನೇ" ಅಂದೆ.

ಕಂಡಕ್ಟರ್ ಕೈ ಮುಗಿದ: "ಯಜಮಾನ್ರೇ, ಅಲ್ಲಿ ಹಂಪೇ ಇರ್ಲಿಲ್ರಿ. ನೀವು ಕೂಗಿದ್ದಕ್ಕೆ ಡ್ರೈವರ್ ಬೆಚ್ಚಿಬಿದ್ದು ಗುಂಡಿಗೆ ಇಳ್ಸಿದ."

ಮರುದಿನದಿಂದ ನಾನು ಹೊರಡುವ ಹೊತ್ತಿಗೆ ಸರಿಯಾಗಿ ಅತ್ತೆ ಮಾವನ ಮುಂದೆ ಮೊರ ಇಟ್ಟು "ಅಕ್ಕಿ ಆರಿಸ್ರಿ" ಅನ್ನತೊಡಗಿದರು. ಆಮೇಲೆ ನಮ್ಮನೆ ಅನ್ನದಲ್ಲಿ ಕಲ್ಲು ಸಿಕ್ಕಿದ್ದಿಲ್ಲ.

ಕೂಡ್ರಿ

ಏಳನೇ ತಿಂಗಳ ಸ್ಕ್ಯಾನ್, ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ. ಅತ್ತೆ ಮಾವ ಇಬ್ಬರೂ ಒಳಗೇ ಬಂದು ಕೂತಿದ್ದರು. ಡಾಕ್ಟರಮ್ಮ ಪರದೆಯ ಮೇಲೆ ಎರಡೆರಡು ಸಲ ಅಳತೆ ತೆಗೆದರು. "ಮಗು ಸ್ವಲ್ಪ ಸಣ್ಣದಿದೆ. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡೋಣ."

ನನ್ನ ಹೊಟ್ಟೆಯೊಳಗೆ ಆ ಪಿ53 ಕಾವಲುಗಾರ ತಿರುಗಿಬಿದ್ದನೇ? ಓದಿದ್ದೆಲ್ಲ ಕಣ್ಣ ಮುಂದೆ ಬಂತು. ಓದದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು.

ಮಾವ ಎದ್ದೇಬಿಟ್ಟರು: "ಆಂಬುಲೆನ್ಸ್ ಕರೀರಿ! ಈಗಿಂದೀಗ್ಲೇ ಮಣಿಪಾಲಕ್ಕೆ ಹೋಗಾಣ!"

"ಕೂಡ್ರಿ!" ಅಂದರು ಅತ್ತೆ.

ಮಾವ ಕೂತರು. ಬಾಗಿಲಲ್ಲಿ ನಿಂತಿದ್ದ ನರ್ಸೂ ಕೂತಳು.

ಆ ಸಂಜೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತ ಅತ್ತೆ, ಹಚ್ಚಿದ ವಿಭೂತಿಯನ್ನೇ ಮರೆತು ಮತ್ತೆ ಮತ್ತೆ ಹಚ್ಚಿದರು. ಅವರಿಗೂ ಭಯ ಅಂತ ಅವತ್ತೇ ಗೊತ್ತಾಗಿದ್ದು. ಮುಂದಿನ ಸ್ಕ್ಯಾನಿನಲ್ಲಿ ಬೆಳವಣಿಗೆ ಸರಿಹೋಗಿತ್ತು. ಭಯ ಮಾತ್ರ ಹೋಗಲಿಲ್ಲ.

ಈಗ ಕೂಗ್ರಿ

ನನಗೆ ತವರಲ್ಲಿ ಅವ್ವ ಇಲ್ಲ, ಹಾಗಾಗಿ ಹೆರಿಗೆಗೂ ಅತ್ತೆಯೇ. ನೋವು ಶುರುವಾದಾಗ ಅವರು ಮಾವನ ಮುಂದಿನ ಮೊರ ಕಿತ್ತುಕೊಂಡರು. "ಏಳ್ರಿ! ಈಗ ಎಷ್ಟು ಬೇಕಾದ್ರೂ ಕೂಗ್ರಿ!"

ಮಾವ ಬಾಯಿ ತೆರೆದರು. ದನಿಯೇ ಇಲ್ಲ!

ನನ್ನ ಗಂಡ ಕಾರು ಓಡಿಸಿದರು. ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಕರೆದೊಯ್ಯುತ್ತಲೇ ಮಾವ ಧೊಪ್ಪನೆ ಬಿದ್ದರಂತೆ. ನನಗೆಂದು ಹಾಸಿಟ್ಟ ಮಂಚದ ಮೇಲೆ ಅವರನ್ನೇ ಮಲಗಿಸಿ ಸಲೈನ್ ಏರಿಸಿದರಂತೆ.

ಮಗಳು ಹುಟ್ಟಿದಳು. ಅಳಲಿಲ್ಲ. ಒಂದು ಗಳಿಗೆ. ಇನ್ನೊಂದು. ಆಮೇಲೆ ಆಸ್ಪತ್ರೆಯೇ ಅದುರುವ ಹಾಗೆ ಚೀರಿದಳು ನೋಡ್ರಿ. ನಾನೂ ಗೊಳೋ ಅಂತ ಅತ್ತುಬಿಟ್ಟೆ.

ಆ ಚೀರಾಟಕ್ಕೆ ಪಕ್ಕದ ಕೋಣೆಯಲ್ಲಿ ಮಾವನಿಗೆ ಎಚ್ಚರವಾಯಿತು, ದನಿಯೂ ಬಂತು. "ಏನಾತು? ಡಾಕ್ಟರ್ ಕರೀರಿ! ಮಣಿಪಾಲ! ಮಣಿಪಾಲ!"

ಮೊಮ್ಮಗಳನ್ನು ಎತ್ತಿಕೊಂಡಿದ್ದ ಅತ್ತೆ ಗೋಡೆಯತ್ತ ತಿರುಗಿ ಗುಡುಗಿದರು: "ಕೂಡ್ರಿ!"

ಮಾವನ ಸದ್ದಡಗಿತು. ಮಗಳೂ ತಟಕ್ಕನೆ ಬಾಯಿ ಮುಚ್ಚಿದಳು.