ಸಭಾಂಗಣದಲ್ಲಿ ಅತ್ತ ಮಗು

ನನ್ನ ದೇಹ ನನ್ನ ಮಾತು ಕೇಳುವುದಿಲ್ಲ. ಬೆಕ್ಕಿನ ಮಾತು ಕೇಳುತ್ತದೆ. ಬಾಗಿಲಿನ ಮಾತು ಕೇಳುತ್ತದೆ. ನಮ್ಮ ಕಾಲೇಜಿನ ಗ್ರಂಥಾಲಯದ ಬಾಗಿಲಿಗೆ ಎಣ್ಣೆ ಹಾಕಿ ಯಾವ ಕಾಲವಾಯಿತೋ, ಅದು ಕಿರ್ರೆಂದರೆ ಸಾಕು, ನನ್ನ ಎದೆ ತುಂಬಿ ಬರುತ್ತದೆ. (ಕವಿಗಳು ಹೇಳುವ ಅರ್ಥದಲ್ಲಿ ಅಲ್ಲ. ಅಂಗಿ ಒದ್ದೆಯಾಗುವ ಅರ್ಥದಲ್ಲಿ.)

ಐದೂವರೆ ತಿಂಗಳ ಮಗುವನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಮರಳಿದ ತಾಯಿಗೆ ಇದೆಲ್ಲ ಇದ್ದದ್ದೇ ಎನ್ನುತ್ತಾರೆ. ಆದರೆ ನಾನು ಜೀವಶಾಸ್ತ್ರದ ಉಪನ್ಯಾಸಕಿ. ನರಗಳೂ ಹಾರ್ಮೋನುಗಳೂ ಒಂದರ ಕೆಲಸದಲ್ಲಿ ಇನ್ನೊಂದು ಹೇಗೆ ಕೈಯಾಡಿಸುತ್ತವೆ ಎಂಬ ಅಧ್ಯಾಯವನ್ನು ಪ್ರತಿ ವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಕಲಿಸುವವಳು. ಅಂಥವಳ ದೇಹವೇ ಹೀಗೆ ಪಠ್ಯಕ್ರಮ ಮೀರಿ ನಡೆದುಕೊಂಡರೆ ಮರ್ಯಾದೆಯ ಪ್ರಶ್ನೆ.

ಆ ಅಧ್ಯಾಯವನ್ನು ನಾನು ಕಲಿಸುವುದು ನಮ್ಮ ಮನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು. ನರವೆಂದರೆ ನನ್ನ ಗಂಡ. ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ ಅವರದು. ಹೇಳಬೇಕಾದ್ದನ್ನು ಆ ಕ್ಷಣ ಕೂಗಿ ಹೇಳುತ್ತಾರೆ, ಮರುಕ್ಷಣ ಮರೆಯುತ್ತಾರೆ. ಹಾರ್ಮೋನೆಂದರೆ ನನ್ನ ಅತ್ತೆ. ದನಿ ಏರಿಸುವುದೇ ಇಲ್ಲ. ಬೆಳಿಗ್ಗೆ ಒಂದು ಹನಿ ಮಾತು ಬಿಟ್ಟರೆ ಅದು ರಕ್ತದಲ್ಲಿ ಬೆರೆತು ಸಂಜೆಯವರೆಗೂ ಕೆಲಸ ಮಾಡುತ್ತಿರುತ್ತದೆ. ಮಗ ಕೂಗಿದರೆ ತಾಯಿ ಹನಿ ಬಿಡುತ್ತಾರೆ, ತಾಯಿ ಹನಿ ಬಿಟ್ಟರೆ ಮಗನ ಕೂಗು ಜೋರಾಗುತ್ತದೆ. ಇವರಿಬ್ಬರ ನಡುವೆ, ಮಿದುಳಿನ ತಳದಲ್ಲಿ, ಎರಡೂ ಕಡೆಯ ಮಾತು ಕೇಳಿಸಿಕೊಂಡು ಎರಡೂ ಕಡೆಗೆ ಉತ್ತರ ಹೇಳಬೇಕಾದ ಪುಟ್ಟ ಭಾಗವೊಂದಿದೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಹೈಪೊಥಲಾಮಸ್ ಎಂಬ ಘನವಾದ ಹೆಸರು. ಮನೆಯಲ್ಲಿ ಅದನ್ನು ಸೊಸೆ ಎನ್ನುತ್ತಾರೆ. (ಇದನ್ನು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಬರೆದುಬಿಟ್ಟಾರು.)

ಮಗು ಅತ್ತ ಸದ್ದು ಕಿವಿಗೆ ಬಿದ್ದರೆ ನರ ಸುದ್ದಿ ಮುಟ್ಟಿಸುತ್ತದೆ, ಮಿದುಳಿನಿಂದ ಹಾರ್ಮೋನು ಹೊರಡುತ್ತದೆ, ಹಾಲು ಇಳಿಯುತ್ತದೆ. ಹೆದರಿಕೆಯಾದರೆ ಬೇರೆ ಹಾರ್ಮೋನು ಓಡಿಬಂದು ದಾರಿ ಕಟ್ಟುತ್ತದೆ. ವಿಷಯ ಇಷ್ಟೇ, ನನ್ನ ಕಷ್ಟವೂ ಇಷ್ಟೇ. ಗ್ರಂಥಾಲಯದಲ್ಲಿ ಬೇಡವೆಂದರೂ ಇಳಿಯುವ ಹಾಲು, ಮಧ್ಯಾಹ್ನ ಪ್ರಯೋಗಾಲಯದ ದಾಸ್ತಾನು ಕೋಣೆಯಲ್ಲಿ ಚಿಲಕ ಹಾಕಿ, ಅಸ್ಥಿಪಂಜರದ ಪಕ್ಕ ಸ್ಟೂಲು ಎಳೆದು, ಕೈಪಂಪು ಹಿಡಿದು ಕೂತರೆ ಬಾರದು. ಹೊರಗೆ ಪ್ರಿನ್ಸಿಪಾಲರ ಚಪ್ಪಲಿಯ ಸದ್ದು ಕೇಳಿತೋ, ಮುಗಿಯಿತು. ಮಗುವಿಗೆ ಮರುದಿನಕ್ಕೆಂದು ತುಂಬಿಸಬೇಕಾದ ಬಾಟಲಿಯನ್ನು ದಿನವೂ ಖಾಲಿಯಾಗಿಯೇ ಮನೆಗೆ ತರುತ್ತಿದ್ದೆ. ಬೆಳಿಗ್ಗೆ ಮನೆಯಲ್ಲಿ ಹಿಂಡಿಟ್ಟು ಬಂದದ್ದು ಮಧ್ಯಾಹ್ನದವರೆಗಷ್ಟೇ ಸಾಲುತ್ತಿತ್ತು.

"ಬತ್ತಿ ಹೋಗ್ತಿದೆ ಕಣೆ," ಎಂದರು ಅತ್ತೆ, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. "ಅದರಲ್ಲಿ ನಿನ್ನ ತಪ್ಪೇನಿಲ್ಲ. ಡಬ್ಬಿ ಹಾಲು ಶುರು ಮಾಡೋಣ, ನಿಧಾನವಾಗಿ ನಿನ್ನದು ಬಿಡಿಸೋಣ."

"ಬತ್ತಿಲ್ಲ ಅತ್ತೆ. ಹೆದರಿಕೆಗೆ ಇಳೀತಿಲ್ಲ, ಅಷ್ಟೇ."

"ಹೆದರಿಕೆ ಯಾಕೆ? ಆ ಕೋಣೇಲಿ ಯಾರಿರ್ತಾರೆ?"

"ಅಸ್ಥಿಪಂಜರ."

"ಅದಕ್ಕೆ ಕಣ್ಣು ಎಲ್ಲಿದೆ, ನಿನ್ನ ನೋಡೋಕೆ?"

ಮಗುವಿಗೆ ಸ್ನಾನ ಮಾಡಿಸುವುದು ಅತ್ತೆ, ನಗಿಸುವುದು ಗಂಡ. ಹಗಲೆಲ್ಲ ಅವನ ಮುಖದ ಮೇಲೆ ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದೂ ನನಗೆ ತಿಳಿಯದು. ಅವನಿಗೆ ನಾನೇ ಕೊಡಬೇಕಾದ್ದು ಅಂತ ಉಳಿದಿದ್ದು ಇದೊಂದೇ. ಅದೂ ಡಬ್ಬಿಯಲ್ಲಿ ಸಿಗುತ್ತದೆ ಎಂದರೆ, ನಾನು ಸಂಜೆ ಮನೆಗೆ ಬರುವ ಅತಿಥಿಯಲ್ಲದೆ ಮತ್ತೇನು?

"ನಾಳೆ ಒಂದು ದಿನ ನೋಡೋಣ ಅತ್ತೆ."

"ನೋಡು. ನಾಳೆ ಮಧ್ಯಾಹ್ನದ ಮೇಲೆ ಅವನು ಹಸಿವು ಅಂದ್ರೆ ಡಬ್ಬಿ ಒಡೀತೀನಿ. ಅದು ಬೇಡ ಅಂತಿದ್ರೆ ಹೇಳು, ಎತ್ಕೊಂಡು ಬಂದು ಕಾಲೇಜಲ್ಲೇ ನಿನ್ನ ಮಡಿಲಿಗೆ ಹಾಕ್ತೀನಿ. ಪಾಠ ಮಾಡ್ತಾ ಕುಡಿಸು."

ಅಲ್ಲಿಯವರೆಗೆ ವೈರು ಸುತ್ತುತ್ತಿದ್ದ ಗಂಡ ತಲೆಯೆತ್ತಿದರು. "ಅಂದ್ರೆ ನಿನಗೆ ಬೇಕಾಗಿರೋದು ಅಳು. ಅಷ್ಟೇ ತಾನೆ? ಅಳು ನಾನು ಕೊಡ್ತೀನಿ."

"ಮದುವೆಯಾದಾಗಿಂದ ಕೊಡ್ತಾನೇ ಇದೀರಲ್ಲ ರೀ."

"ಮಗುವಿನ ಅಳು ಕಣೇ! ರೆಕಾರ್ಡ್ ಮಾಡಿ ನಿನ್ನ ಫೋನಿಗೆ ಹಾಕ್ತೀನಿ. ಆ ಕೋಣೇಲಿ ಕೂತು ಕೇಳು."

ಶಾಸ್ತ್ರಸಮ್ಮತವಾದ ಉಪಾಯ. ನನಗೇ ಹೊಳೆಯಬೇಕಿತ್ತು ಎಂಬ ಹೊಟ್ಟೆಯುರಿಯ ನಡುವೆಯೂ ಒಪ್ಪಿದೆ. ಅಂಗಡಿಯ ಅತ್ಯುತ್ತಮ ಮೈಕು ಸ್ಟ್ಯಾಂಡಿನ ಸಮೇತ ತೊಟ್ಟಿಲ ಮುಂದೆ ನಿಂತಿತು. ಸಂಜೆಯೆಲ್ಲ ರಚ್ಚೆ ಹಿಡಿದಿದ್ದ ನನ್ನ ಮಗ ಅದನ್ನು ಕಂಡದ್ದೇ ತಡ, ಮುಖ್ಯ ಅತಿಥಿಯ ಹಾಗೆ ಪ್ರಸನ್ನನಾದ. ಗಂಡ ಗುಮ್ಮನ ಮುಖ ಮಾಡಿದರು, ನಕ್ಕ. ಆಟಿಕೆ ಕಿತ್ತುಕೊಂಡರು, ಮತ್ತೂ ನಕ್ಕ. ಸೋತು ಮೈಕನ್ನೇ ತೆಗೆಯಲು ಹೋದಾಗ, ಚೀಪಬೇಕೆಂದಿದ್ದ ವಸ್ತು ದೂರವಾಯಿತಲ್ಲ ಎಂದು, ಕೊನೆಗೆ ಅತ್ತ. ಎಂಥ ಅಳು! ಪ್ರತಿ ಉಸಿರಿನ ತುದಿಗೂ ಅವನದೇ ಆದ ಒಂದು ಪುಟ್ಟ ಬಿಕ್ಕು.

"ಸ್ವಲ್ಪ ಎಕೋ ಕೊಡ್ಲಾ?" ಎಂದರು ಗಂಡ, ತಮ್ಮ ಕೆಲಸಕ್ಕೆ ತಾವೇ ಮರುಳಾಗಿ.

"ಬೇಡ ರೀ. ಮಗು ಬಾವಿಗೆ ಬಿದ್ದ ಹಾಗೆ ಕೇಳತ್ತೆ."

ಮರುದಿನ ಕಾಲೇಜಿನಲ್ಲಿ ವಿಜ್ಞಾನ ಸಂಘದ ಉದ್ಘಾಟನೆ. ಸಭಾಂಗಣಕ್ಕೆ ಸ್ಪೀಕರು ಜೋಡಿಸಿದ್ದು ನನ್ನ ಗಂಡನೇ. ಅವರ ಫೋನು ಮಗುವಿನ ಜೊಲ್ಲು ಕುಡಿದು ಹಿಂದಿನ ರಾತ್ರಿಯೇ ಕಣ್ಣು ಮುಚ್ಚಿತ್ತು. ಹಾಗಾಗಿ ನನ್ನ ಫೋನನ್ನೇ ಬ್ಲೂಟೂತಿನಲ್ಲಿ ಸೇರಿಸಿ, ಯಾವುದೋ ಹಾಡು ಹಾಕಿ ಪರೀಕ್ಷಿಸಿ, "ಫಸ್ಟ್‌ಕ್ಲಾಸ್!" ಎಂದು ಕೂಗಿ, ಫೋನು ನನ್ನ ಕೈಗಿಟ್ಟು ಇನ್ನೊಂದು ಬಾಡಿಗೆಗೆ ಓಡಿದರು. ನರ ತನ್ನ ಕೆಲಸ ಮುಗಿಸಿತ್ತು.

ಮಧ್ಯಾಹ್ನ ಅತಿಥಿಗಳು ಮನೋನಿಗ್ರಹದ ಬಗ್ಗೆ ಮಾತಾಡತೊಡಗಿದಾಗ ನಾನು ಮೆಲ್ಲನೆ ಎದ್ದು, ಸಭಾಂಗಣದ ಗೋಡೆಗೆ ಬೆನ್ನು ಕೊಟ್ಟಿರುವ ದಾಸ್ತಾನು ಕೋಣೆಗೆ ಹೋದೆ. ಚಿಲಕ ಹಾಕಿದೆ. ಸ್ಟೂಲು, ಪಂಪು, ಬಾಟಲಿ ಎಲ್ಲ ಸಿದ್ಧ. ಫೋನಿನಲ್ಲಿ ಅಳುವನ್ನು ಒತ್ತಿದೆ. ಸದ್ದಿಲ್ಲ. ದನಿ ಏರಿಸಿದೆ. ಇಲ್ಲ. ಪೂರ್ತಿ ಏರಿಸಿ ಕಿವಿಗಿಟ್ಟುಕೊಂಡೆ. ಮೂಕ. ಇದೂ ಜೊಲ್ಲು ಕುಡಿದಿದೆ ಎಂದು ಶಪಿಸಿ ಅಸ್ಥಿಪಂಜರದ ಕಾಲ ಬಳಿ ಇಟ್ಟೆ.

ಆಗ ಕೇಳಿತು.

ಗೋಡೆಯಾಚೆ, ಎಲ್ಲೋ ದೂರದಲ್ಲಿ, ಹಾಸಿಗೆ ಹೊದಿಕೆಗಳ ಅಡಿಯಿಂದ ಬಂದಂತೆ, ಒಂದು ಅಳು. ಉಸಿರಿನ ತುದಿಗೆ ಬಿಕ್ಕು. ನನ್ನದೇ ಕೂಸು! ಫೋನಂತೂ ಸತ್ತಿದೆ. ಅಂದಮೇಲೆ ಅತ್ತೆ ಹೇಳಿದ ಹಾಗೇ ಮಾಡಿದ್ದಾರೆ, ಎತ್ತಿಕೊಂಡು ಬಂದೇಬಿಟ್ಟಿದ್ದಾರೆ. ಎಷ್ಟು ಹಸಿದಿದ್ದಾನೋ, ಎಷ್ಟು ದಾರಿ ಅತ್ತನೋ. ಪ್ರಿನ್ಸಿಪಾಲರು, ಚಪ್ಪಲಿ, ಹೆದರಿಕೆ, ಯಾವುದೂ ನೆನಪಾಗಲಿಲ್ಲ. ಇಷ್ಟು ದಿನ ಕಟ್ಟಿಕೊಂಡಿದ್ದ ಹಾಲು ಒಮ್ಮೆಲೇ, ಯಾರ ಅಪ್ಪಣೆಗೂ ಕಾಯದೆ, ಇಳಿಯಿತು. ಬಾಟಲಿ ಸ್ಟೂಲಿನ ಮೇಲೇ ಉಳಿಯಿತು. ನಾನು ಓಡಿದೆ.

"ಬಂದೆ ಪುಟ್ಟಾ, ಬಂದೆ ಕಂದಾ!" ಎಂದು ಕೂಗುತ್ತ ಸಭಾಂಗಣದ ಬಾಗಿಲು ತಳ್ಳಿದೆ.

ನಾಲ್ಕು ಮೂಲೆಯ ಸ್ಪೀಕರುಗಳಿಂದ ನನ್ನ ಮಗ ಗುಡುಗುತ್ತಿದ್ದ. ಅತಿಥಿಗಳು ಮನೋನಿಗ್ರಹ ಬಿಟ್ಟು ಮೇಜಿನ ಕೆಳಗೆ ಬಗ್ಗಿ ಮಗುವನ್ನು ಹುಡುಕುತ್ತಿದ್ದರು. ಹುಡುಗಿಯರು ಕುರ್ಚಿಗಳ ಅಡಿಯಲ್ಲಿದ್ದರು. ನನ್ನನ್ನು ಕಂಡು ಎಲ್ಲರೂ ಹುಡುಕುವುದನ್ನು ನಿಲ್ಲಿಸಿದರು. ಅವರ ಕಣ್ಣು ಹೋದ ಕಡೆ ನನ್ನದೂ ಹೋಯಿತು. ಅಂಗಿಯ ಮೇಲೆ ಎರಡು ಖಂಡಗಳ ಭೂಪಟ.

ಬೆಳಿಗ್ಗೆ ಸ್ಪೀಕರಿನ ಜೊತೆ ಕೂಡಿದ ಫೋನು ಇನ್ನೂ ಬಿಟ್ಟುಕೊಂಡಿಲ್ಲ ಎಂದು ಆಗ ಹೊಳೆಯಿತು. ಯಾರೋ ತಂತಿ ಕಿತ್ತರು. ಆ ಮೌನದಲ್ಲಿ ಪ್ರಿನ್ಸಿಪಾಲರ ಚಪ್ಪಲಿ ನನ್ನ ಕಡೆಗೆ ನಡೆದು ಬಂತು. ತಮ್ಮ ಹೆಗಲಿನ ಶಾಲು ತೆಗೆದು ನನಗೆ ಹೊದಿಸಿದರು.

"ನರ, ಹಾರ್ಮೋನು ಎಲ್ಲ ಚೆನ್ನಾಗಿ ಅರ್ಥ ಆಯ್ತಮ್ಮ," ಎಂದರು. "ಇಷ್ಟು ವಿವರವಾದ ಉದಾಹರಣೆ ಬೇಕಿರಲಿಲ್ಲ. ಮನೆಗೆ ಹೋಗು."

ದಾರಿಯುದ್ದಕ್ಕೂ ಒಂದೇ ಯೋಚನೆ: ಅವನು ನಿಜವಾಗಿಯೂ ಹೀಗೇ ಅಳುತ್ತಿದ್ದರೆ?

"ಅತ್ತನಾ ಅತ್ತೆ?" ಎಂದೆ ಹೊಸ್ತಿಲಲ್ಲೇ.

"ಯಾಕೆ ಅಳ್ತಾನೆ? ಡಬ್ಬಿ ಹಾಲು ಕುಡಿದ, ತೇಗಿದ, ಮಲಗಿದ."

ಇಡೀ ಕಾಲೇಜು ಎದ್ದು ಹುಡುಕುವಷ್ಟು ಅತ್ತ ನನ್ನ ಮಗ ಮನೆಯಲ್ಲಿ ಕುಯ್ ಎನ್ನದೆ ಮಲಗಿದ್ದ. ಕೆನ್ನೆಯ ಕೆಳಗೆ ಹಳೆಯ ಹತ್ತಿ ನೈಟಿಯೊಂದನ್ನು ಒತ್ತಿ ಹಿಡಿದಿದ್ದ. ನಾನಿಲ್ಲದಾಗ ನನ್ನ ವಾಸನೆಯನ್ನಾದರೂ...

"ಅದು ನನ್ನದು ಕಣೆ," ಎಂದರು ಅತ್ತೆ. "ಮೊದಲು ನಿನ್ನದೇ ಕೊಟ್ಟಿದ್ದೆ. ಮೂಸಿ ನೋಡ್ತಾನೆ, ಬಾಗಿಲ ಕಡೆ ತಿರುಗ್ತಾನೆ, ಶುರು. ನಿಲ್ಸೋದೇ ಇಲ್ಲ. ಅದಕ್ಕೇ ನಿನ್ನ ಬಟ್ಟೆ ಒಂದೂ ಅವನ ಹತ್ತಿರ ಸುಳಿಯದ ಹಾಗೆ ಬೀರುವಲ್ಲಿಟ್ಟು ಬೀಗ ಹಾಕಿದೀನಿ."

"ಅಳ್ತಾನಾ?" ಎಂದೆ. "ಜೋರಾಗಿ?"

"ಮನೆ ಹಾರಿಹೋಗೋ ಹಾಗೆ."

"ತುಂಬಾ ಹೊತ್ತು?"

"ಏನು ತಾಯಿನೇ ನೀನು! ಮಗು ಅತ್ತಿದ್ದಕ್ಕೆ ಹೀಗೆ ಹಲ್ಲು ಬಿಡ್ತಾರಾ?" ಎಂದವರು ನನ್ನ ಶಾಲು ಸರಿದದ್ದನ್ನು ನೋಡಿದರು. ಮೇಜಿನ ಮೇಲಿದ್ದ ಹಾಲಿನ ಡಬ್ಬಿಯನ್ನು ಎತ್ತಿ ಕೈಗೆಟುಕದ ಅಟ್ಟದ ಮೇಲೆ ತಳ್ಳಿದರು. "ಬತ್ತಿಲ್ಲ ಬಿಡು."

"ಏಳಿಸ್ಲಾ ಅತ್ತೆ?"

"ಏಳಿಸಿದ್ರೆ ನೋಡು! ಈಗ ತಾನೇ ಮಲಗಿದಾನೆ, ಹೊಟ್ಟೆ ಬೇರೆ ತುಂಬಿದೆ."

"ಹಾಗಾದ್ರೆ ಬೀರುವಿನ ಬೀಗದ ಕೈ ಕೊಡಿ. ಬಟ್ಟೆ ಬದಲಾಯಿಸ್ತೀನಿ."

ಅತ್ತೆ ನನ್ನ ಮುಖವನ್ನೊಮ್ಮೆ, ತೊಟ್ಟಿಲನ್ನೊಮ್ಮೆ ನೋಡಿದರು. "ಆ ಬೀರು ತೆಗೆದ್ರೆ ನಿನ್ನ ಕೈ ಸುಮ್ನಿರಲ್ಲ. ಅವನಾಗೇ ಏಳೋವರೆಗೆ ಕೊಡಲ್ಲ," ಎಂದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು.

ನಾನು ವಿಧೇಯ ಸೊಸೆ. ಮಗುವನ್ನು ಮುಟ್ಟಲಿಲ್ಲ, ಕರೆಯಲಿಲ್ಲ. ಶಾಲನ್ನು ಮಾತ್ರ ತೆಗೆದಿಟ್ಟು, ಒದ್ದೆ ಅಂಗಿಯಲ್ಲೇ ತೊಟ್ಟಿಲ ಪಕ್ಕ ಕೂತೆ, ಅವನ ಮೂಗಿಗೆ ಆದಷ್ಟು ಹತ್ತಿರವಾಗಿ.