ಅಂಡಮಾನಿಗೊಂದು ಕಾಶಿಯಾತ್ರೆ

ಕೊಳ್ಳೇಗಾಲದ ತನ್ನ ಮಿಕ್ಸಿ ರಿಪೇರಿ ಅಂಗಡಿಯ ಬಾಗಿಲಿಗೆ ಉದಯಕುಮಾರ ‘ನಾಳೆಯಿಂದ ಒಂದು ವಾರ ಅಂಗಡಿ ರಜ’ ಎಂದು ಬರೆದ ರಟ್ಟಿನ ಬೋರ್ಡು ನೇತುಹಾಕಿದ. ಕಾರಣ ಮಾತ್ರ ಬರೆಯಲಿಲ್ಲ. ಎಡವಟ್ಟಾದದ್ದು ಅಲ್ಲೇ. ಆ ಬೀದಿಯಲ್ಲಿ ಕಾರಣವಿಲ್ಲದ ರಜೆ ಎಂದರೆ ಮುಚ್ಚಳ ಹಾಕದೆ ತಿರುಗಿಸಿದ ಮಿಕ್ಸಿ ಜಾರಿನಂತೆ. ಒಳಗಿದ್ದದ್ದು ನಾಲ್ಕೂ ಗೋಡೆಗೆ ಎರಚದೆ ಬಿಡುವುದಿಲ್ಲ.

ಅವನ ಹೆಂಡತಿ ನಾಗಶ್ರೀ ಹುಟ್ಟಿದಾಗಿನಿಂದ ಸಮುದ್ರ ನೋಡಿರಲಿಲ್ಲ. ಮದುವೆಯಾದಂದಿನಿಂದ ಅವನು ‘ಮುಂದಿನ ವರ್ಷ, ಮುಂದಿನ ವರ್ಷ’ ಎನ್ನುತ್ತಲೇ ಬಂದಿದ್ದ. ಕೊನೆಗೆ ಅವಳೇ ಮಧ್ಯಾಹ್ನದ ಹೊತ್ತು ಫೋನು ಹಿಡಿದು ಕೂತು ಅಂಡಮಾನನ್ನು ಸೋವಿಯಲ್ಲಿ ಮುಗಿಸುವ ದಾರಿ ಹುಡುಕಿದಳು. ತಿಂಗಳುಗಟ್ಟಲೆ ಮುಂಚೆ ತೆಗೆದರೆ ವಿಮಾನದ ಟಿಕೆಟ್ಟು ಅಗ್ಗ. ಸಮುದ್ರ ಕಾಣದ, ಬರೀ ಕೇಳಿಸುವ ರೂಮು ಇನ್ನೂ ಅಗ್ಗ. ಊಟಕ್ಕೆ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಮನೆಯಿಂದಲೇ ಹೊತ್ತುಕೊಂಡು ಹೋಗುವುದು. ಒಂದೇ ತೊಡಕು: ಆ ಟಿಕೆಟ್ಟು ಬೇಡವೆಂದರೆ ಬಿಡಿಗಾಸೂ ವಾಪಸು ಬರುವುದಿಲ್ಲ.

“ಯಾರ್ಗೂ ಬಾಯ್ಬುಡಬ್ಯಾಡ ಕಣೆ ನಾಗು,” ಎಂದು ಉದಯಕುಮಾರ ಅವಳಿಂದ ಆಣೆ ಹಾಕಿಸಿಕೊಂಡಿದ್ದ. ಪಕ್ಕದ ಟೈಲರ್ ಮಹದೇವಸ್ವಾಮಿ ಹಿಂದೊಮ್ಮೆ ಗೋವಾಕ್ಕೆ ಹೋಗಿಬಂದು ಪಟ್ಟ ಪಾಡು ಅವನ ಕಣ್ಣೆದುರಿಗಿತ್ತು. ಅಂದಿನಿಂದ ಒಂದು ಗುಂಡಿ ಹಾಕಿಕೊಟ್ಟರೂ ಜನ, “ಗೋವಾಗೋಗೋ ಸಾವ್ಕಾರ್‍ರಿಗೆ ನಮ್ ಕಾಸ್ಯಾಕೆ?” ಎಂದು ನಗುತ್ತಾ ಹೊರಟುಬಿಡುತ್ತಿದ್ದರು. ಇನ್ನು ಮಿಕ್ಸಿ ರಿಪೇರಿಯವನು ವಿಮಾನ ಹತ್ತಿದ ಎಂದು ಗೊತ್ತಾದರೆ ಮುಗಿಯಿತು, ಕೂಲಿ ಕೊಡುವವರೇ ಇರುವುದಿಲ್ಲ.

ಬೋರ್ಡು ನೇತುಹಾಕಿ ತಿರುಗುವಷ್ಟರಲ್ಲಿ ಎದುರು ಮನೆಯ ಚನ್ನಾಜಮ್ಮ ನಿಂತಿದ್ದರು.

“ಎಲ್ಲಿಗಪ್ಪಾ ಉದಯಾ, ವಾರಗಟ್ಲೆ ಬಾಗ್ಲಾಕಂಡು?”

ಚನ್ನಾಜಮ್ಮನ ಗಂಡ ಶಿವಮಲ್ಲಪ್ಪನವರು ಮೂರು ಸಲ ಕಾಶಿಗೆ ಹೋಗಿಬಂದವರು. ಇಡೀ ಬೀದಿ ಅವರನ್ನು ‘ಕಾಶಿ ಮಲ್ಲಪ್ಪ’ ಎಂದೇ ಕರೆಯುತ್ತಿತ್ತು. ಆಕೆಯ ಮುಖ ಕಂಡದ್ದೇ ಉದಯಕುಮಾರನ ಬಾಯಿಗೆ ಬಂದದ್ದು ಆ ಊರೇ.

“ಕಾಶಿಗೆ, ದೊಡ್ಡವ್ವ.”

ಚನ್ನಾಜಮ್ಮ ಅವನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದರು. “ಪುಣ್ಯವಂತ ಕಣಪ್ಪ,” ಎಂದು ಕೈಮುಗಿದು ಮನೆಗೆ ಹೋದರು.

ಬದುಕಿದೆ ಎಂದುಕೊಂಡ ಉದಯಕುಮಾರ. ಆದರೆ ಅವನು ಒಂದು ಮಿಕ್ಸಿಯ ತಿರುಪು ಬಿಚ್ಚುವುದರೊಳಗೆ ಮೂಲೆಮನೆಯ ಪುಟ್ಟಗೌರಮ್ಮ ತಾಮ್ರದ ಚೊಂಬು ತಂದು ಟೇಬಲ್ಲಿನ ಮೇಲಿಟ್ಟರು. “ಗಂಗೆ ತುಂಬ್ಕಂಡ್ ಬಾಪ್ಪಾ. ಪೂರ್ತಿ ಬ್ಯಾಡ, ಕುತ್ಗೆ ಮಟ್ಟ ಸಾಕು.” ಅವರ ಹಿಂದೆ ಒಂದು ಹಿತ್ತಾಳೆ ಗಿಂಡಿ ಬಂತು. ಅದರ ಹಿಂದೆ ತಂಪು ಪಾನೀಯದ ಬಾಟಲಿಗಳು ಸಾಲುಗಟ್ಟಿದವು. ಮಧ್ಯಾಹ್ನದ ಹೊತ್ತಿಗೆ ಅಂಗಡಿ, ನೀರು ನಿಂತುಹೋದ ಬೀದಿಯ ನಲ್ಲಿಕಟ್ಟೆಯಂತಾಗಿತ್ತು.

ಟೀ ಅಂಗಡಿಯ ಚನ್ನಬಸವ ಬೇರೆಯದೇ ಪ್ರಶ್ನೆ ಎತ್ತಿದ. “ಕಾಶಿಗೋದೋರು ಇಷ್ಟವಾದ್ದ ಒಂದ ಬುಟ್ಬುಟ್ಟು ಬರ್ಬೇಕಲ್ಲಲಾ. ನೀ ಏನ್ ಬುಡ್ತಿಯೆ?”

“ಹಾಗಲಕಾಯಿ,” ಎಂದ ಉದಯಕುಮಾರ ಥಟ್ಟನೆ.

“ಶಿವ ಅಂದ್ರೆ ಅಷ್ಟು ಪೆದ್ದ ಅನ್ಕಂಡಿದ್ದೀಯ? ದಿನಕ್ಕೆ ನಾಕ್ ಸಲ ಬಂದು ನನ್ನಂಗ್ಡೀಲಿ ಬೋಂಡ ತಿಂತೀಯಲ್ಲ, ಅದ ಬುಡು. ನಂಗೆ ಯಾಪಾರ ಓದ್ರೂ ಚಿಂತಿಲ್ಲ, ನಿಂಗೆ ಮೋಕ್ಷ ಸಿಗ್ಲಿ,” ಎಂದ ಚನ್ನಬಸವ. ಕೂತಿದ್ದವರೆಲ್ಲ ಹೌದುಹೌದೆಂದರು. ತನ್ನ ಬೋಂಡದ ಭವಿಷ್ಯ ಹೀಗೆ ಸರ್ವಾನುಮತದಿಂದ ತೀರ್ಮಾನವಾದದ್ದನ್ನು ಉದಯಕುಮಾರ ಬಾಯಿಬಿಟ್ಟುಕೊಂಡು ನೋಡಿದ.

ಇವರಿಂದ ತಪ್ಪಿಸಿಕೊಂಡರೆ ಸಾಕೆಂದು ಅವನು ಸ್ಕೂಟರ್ ಹತ್ತಿ ಯಳಂದೂರಿಗೆ ಹೊರಟ. ಹೊಸ ಸೂಟ್‌ಕೇಸಿಗೆ ದುಡ್ಡು ಹಾಕಬಾರದೆಂದು, ಅಲ್ಲಿದ್ದ ನಾದಿನಿ ಶೃತಿಯ ಗಾಲಿ ಸೂಟ್‌ಕೇಸು ಕೇಳಿಟ್ಟಿದ್ದರು. ಆದರೆ ಸುದ್ದಿ ಅವನ ಸ್ಕೂಟರಿಗಿಂತ ಮೊದಲೇ ಯಳಂದೂರು ಮುಟ್ಟಿತ್ತು. ಶೃತಿಯ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಸೂಟ್‌ಕೇಸು ಆಗಲೇ ಭರ್ತಿಯಾಗಿತ್ತು.

“ಕಾಶೀಲಿ ಚಳಿ ಅಂದ್ರೆ ಅಂತಿಂತ ಚಳಿ ಅಲ್ವಂತೆ. ಎರಡು ಸ್ವೆಟ್ರು, ಒಂದು ಮಂಕಿ ಕ್ಯಾಪು, ನಮ್ಮೆಜಮಾನ್ರ ಕಂಬ್ಳಿ ಮಡಗಿವ್ನಿ. ಬ್ಯಾಡ ಅನ್ಬೇಡಿ ಅಳಿಯಂದ್ರೇ.”

ಬೇಡವೆನ್ನಲು ಅವನಲ್ಲಿ ಕಾರಣವಿರಲಿಲ್ಲ. ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡ ಸೂಟ್‌ಕೇಸು ದಾರಿಯುದ್ದಕ್ಕೂ ಅವನ ಮೊಣಕಾಲಿಗೆ ಗುದ್ದುತ್ತಾ ಬಂತು.

ಸಂಜೆ ಬೀದಿಗೆ ಬಂದಾಗ ಅಂಗಡಿಯ ಮುಂದೆ ಕುರ್ಚಿ ಹಾಕಿದ್ದರು. ಒಂದು ಕುರ್ಚಿಯಲ್ಲಿ ಹೂವಿನ ಹಾರ. ಇನ್ನೊಂದರಲ್ಲಿ ಸಾಕ್ಷಾತ್ ಕಾಶಿ ಮಲ್ಲಪ್ಪನವರು, ಹಣೆತುಂಬ ವಿಭೂತಿ ಧರಿಸಿ ಕೂತಿದ್ದರು. ನಾಗಶ್ರೀ ಬಾಗಿಲ ಹಿಂದಿನಿಂದ ಗಂಡನನ್ನು ನೋಡಿದ ನೋಟದಲ್ಲಿ ‘ಎಂಥ ಕೆಲ್ಸ ಮಾಡ್ಬುಟ್ರಿ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

“ಬಾಪ್ಪ ಉದಯಾ,” ಎಂದರು ಶಿವಮಲ್ಲಪ್ಪ. “ಟಿಕೆಟ್ ತೋರ್ಸು. ಯಾವ ಟ್ರೈನು, ಯಾವ ಸೀಟು ಅಂತ ನೋಡ್ಬುಟ್ಟು, ಎಲ್ಲಿ ಇಳೀಬೇಕು ಏನ್ಕತೆ ಎಲ್ಲ ಏಳ್ಕೊಡ್ತೀನಿ.”

ಉದಯಕುಮಾರ ಸೂಟ್‌ಕೇಸನ್ನು ಅಲ್ಲೇ ಬಿಟ್ಟ. “ಇಲ್ಲಿ ಬ್ಯಾಡ ದೊಡ್ಡಪ್ಪ, ಒಳಗ್ ಬನ್ನಿ,” ಎಂದು ಅವರನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದೊಯ್ದು, ಬಾಗಿಲು ಒರಗಿಸಿ, ಅವರ ಕಾಲು ಹಿಡಿದುಬಿಟ್ಟ. “ತಪ್ಪಾಯ್ತು ದೊಡ್ಡಪ್ಪ. ನಾ ಓಯ್ತಿರೋದು ಕಾಶಿಗಲ್ಲ, ಅಂಡಮಾನ್‌ಗೆ. ನಾಗು ಸಮುದ್ರ ನೋಡಿಲ್ಲ. ಜನಕ್ಕೆ ಎದ್ರಿ ಸುಳ್ಳೇಳ್ದೆ. ಬೀದಿ ಮುಂದೆ ಮಾನ ತಗೀಬ್ಯಾಡಿ.”

ಶಿವಮಲ್ಲಪ್ಪ ಗಂಭೀರವಾಗಿ ಅವನನ್ನೇ ನೋಡಿದರು. ಅವರ ಹೊಟ್ಟೆ ಮೊದಲು ಸಣ್ಣಗೆ, ಆಮೇಲೆ ಜೋರಾಗಿ ಕುಣಿಯತೊಡಗಿತು. ಅವರು ಸದ್ದಿಲ್ಲದೆ ನಗುತ್ತಿದ್ದರು.

“ಏಳ್ಲಾ ಮ್ಯಾಕೆ. ಕಾಶಿ ಯಾವ್ ದಿಕ್ಕಿಗದೆ ಅಂತ ನಂಗೂ ಗೊತ್ತಿಲ್ಲ ಕಣ್ಲಾ!”

“ಅಂದ್ರೆ...”

“ಮೊದಲ್ನೇ ಸಲ ಗೋವಾ. ಎರಡನೇ ಸಲ ಕೇರಳದ್ ದೋಣಿಮನೆ, ಅಲ್ಲೇ ಪಕ್ಕದ್ ಸಮುದ್ರ. ಮೂರನೇ ಸಲ ಮತ್ತೆ ಗೋವಾನೇ. ಈ ವಯಸ್ನಲ್ಲಿ ಸಮುದ್ರಕ್ ಓಯ್ತೀನಿ ಅಂದ್ರೆ ನಗಾಡಲ್ವಾ ಜನ? ಅದ್ಕೇ ಕಾಶಿ ಅಂದೆ.”

“ಮತ್ತೆ ಮನೆಮನೆಗೂ ಹಂಚಿದ್ರಲ್ಲ, ಗಂಗೆ?”

“ಸತ್ತೇಗಾಲದ ಸೇತುವೆ ಕೆಳಗ್ ತುಂಬ್ಕಂಡ್ ಬಂದೆ. ನಮ್ ಕಾವೇರಿಗೇನಾಗದೆ ಕಮ್ಮಿ? ನೀನೂ ಅಂಗೇ ಮಾಡು.”

ಉದಯಕುಮಾರನಿಗೆ ಎದೆಯ ಮೇಲಿನ ರುಬ್ಬುಗುಂಡು ಇಳಿದಷ್ಟು ಹಗುರವಾಯಿತು. ಇಬ್ಬರೂ ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡು ನಗುತ್ತಿರುವಾಗ, ಒರಗಿಸಿದ್ದ ಬಾಗಿಲು ತಾನಾಗಿ ತೆರೆಯಿತು. ಹೊಸ್ತಿಲ ಮೇಲೆ ಚನ್ನಾಜಮ್ಮ ನಿಂತಿದ್ದರು.

“ನಗಿ, ನಗಿ,” ಎಂದರು ಆಕೆ, ಒಂದಿಷ್ಟೂ ದನಿ ಏರಿಸದೆ. “ಮೂರ್ ಸಲವೂ ನಿಮ್ ಪಂಚೆ ಒಗ್ದೋಳು ನಾನು. ಬಕೀಟ್ ತಳದಲ್ಲಿ ಒಂದೊಂದ್ ಹಿಡಿ ಮಳ್ಳು. ನಾಲ್ಗೆಗಿಟ್ರೆ ಉಪ್ಪು. ಗಂಗೆ ಯಾವಾಗ್ಲಿಂದ ಉಪ್ಪಾದ್ಲು?”

ಶಿವಮಲ್ಲಪ್ಪನವರ ಮುಖ ಹಣೆಯ ವಿಭೂತಿಯ ಬಣ್ಣಕ್ಕೆ ತಿರುಗಿತು.

“ಇವ್ನು ಬೆಳಿಗ್ಗೆ ಕಾಶಿ ಅಂದಾಗ್ಲೇ ಅನ್ಕಂಡೆ. ನೀವು ಸುಳ್ಳೇಳುವಾಗ ನಿಮ್ ಮಕನೂ ಇಂಗೇ ಇರ್ತಿತ್ತು, ಎಮ್ಮೆ ಕರ ಹಗ್ಗ ನುಂಗ್ದಂಗೆ. ನಾನೂ ಬತ್ತೀನಿ ಅಂದಾಗ್ಲೆಲ್ಲ ‘ನಿನ್ ಮಂಡಿಗೆ ಟ್ರೈನ್ ಆಗಲ್ಲ’ ಅಂತಿದ್ರಿ. ಸರಿ, ಇಮಾನ ಆಯ್ತದೆ. ಈಗಿಂದೀಗ್ಲೇ ನಂಗೊಂದು ಟಿಕೆಟ್ ಮಾಡ್ಸಿ. ಇಲ್ಲಾಂದ್ರೆ ಆಚೆ ಹಾರ ಹಿಡ್ಕಂಡ್ ನಿಂತವ್ರಿಗೆ ಗಂಗೆ ಕತೆ ಏಳ್ತೀನಿ.”

“ಆಯ್ತು ಕಣೆ, ನಾನೂ ಬತ್ತೀನಿ, ಇಬ್ರೂ ಓಗಣ...”

“ನೀವೆಲ್ಲಿಗೆ? ಹಸಿನ ಹಾಲ್ ಕರೆಯೋರ್ಯಾರು?”

ಅವಸರಕ್ಕೆ ಕೊಂಡ ಆ ಟಿಕೆಟ್ಟು ಮಾತ್ರ ಅಗ್ಗವಿರಲಿಲ್ಲ. ಬೀದಿಯವರು ಹೂವಿನ ಹಾರವನ್ನು ಚನ್ನಾಜಮ್ಮನ ಕೊರಳಿಗೇ ಹಾಕಿ ಕಾಶಿಗೆಂದು ಕಳಿಸಿಕೊಟ್ಟರು.

ಅಂಡಮಾನಿನಲ್ಲಿ ರೂಮು ಇದ್ದದ್ದು ಒಂದೇ. ಹೆಂಗಸರಿಬ್ಬರೂ ಒಳಗೆ, ಉದಯಕುಮಾರ ಜಗಲಿಯಲ್ಲಿ. ಬೆಳಿಗ್ಗೆ ಮೂವರೂ ದಡಕ್ಕೆ ಹೋದರು. ನಾಗಶ್ರೀ ಚಪ್ಪಲಿ ಕಳಚಿ ಮರಳಿಗೆ ಕಾಲಿಟ್ಟಳು. ನೀರು ಬಂದು ಪಾದ ಮುಟ್ಟಿದ್ದೇ, ಉದಯಕುಮಾರ ಮದುವೆಯಾದಂದಿನಿಂದ ಕೇಳದಂಥ ನಗು ನಕ್ಕಳು. ಅವಳ ಕೈ ಹಿಡಿಯಬೇಕೆಂದು ಅವನು ಕೈ ಚಾಚಿದ. ಅಷ್ಟರಲ್ಲಿ ಮಂಡಿನೋವಿನ ಚನ್ನಾಜಮ್ಮ ಸೀರೆ ಎತ್ತಿಕಟ್ಟಿ, ನಾಗಶ್ರೀಯ ಕೈ ತಾವೇ ಹಿಡಿದು ಅವಳನ್ನು ನೀರಿಗೆ ಎಳೆದುಕೊಂಡು ಓಡಿದರು.

“ಉದಯಾ, ನೀನಲ್ಲೇ ಇರಪ್ಪಾ! ಚಪ್ಲಿ ಅಲೆಗ್ ಕೊಚ್ಕಂಡೋದಾವು!”

ಅವನು ಎರಡು ಜೊತೆ ಚಪ್ಪಲಿಯನ್ನು ಮಡಿಲಿಗೆ ಹಾಕಿಕೊಂಡು, ಅವಕ್ಕೆ ಅಲೆ ತಾಗದಂತೆ ನೀರಿಗೆ ಬೆನ್ನುಮಾಡಿ ಕೂತ. ಫೋನು ಹೊಡೆದುಕೊಂಡಿತು. ಶಿವಮಲ್ಲಪ್ಪನವರು. ಹಿಂದಿನಿಂದ ಹಸು ಅಂಬಾ ಎನ್ನುತ್ತಿತ್ತು.

“ಎಂಗದಲಾ ಸಮುದ್ರ?” ಎಂದು ಅವರು ಆಸೆಯಿಂದ ಕೇಳಿದರು.

“ನಂಗೇನ್ ಗೊತ್ತು ದೊಡ್ಡಪ್ಪ,” ಎಂದ ಉದಯಕುಮಾರ. “ನಾನು ಚಪ್ಲಿ ಕಾಯ್ತಾ ಇವ್ನಿ.”