ಚೌಕಾಶಿಯಿಲ್ಲದ ಬಟ್ಟೆ

ಮದುವೆಗೋ ಜಾತ್ರೆಗೋ ಹೊರಟವನನ್ನು ಜನ ಯಾವಾಗ ವಾಪಸು ಬರುತ್ತೀ ಎಂದು ಕೇಳುತ್ತಾರೆ. ಪುಣ್ಯಭೂಮಿಗೆ ಹೊರಟವನನ್ನು ಹಾಗೆ ಕೇಳುವುದಿಲ್ಲ. ಕೈ ಹಿಡಿದುಕೊಂಡು ಸುಮ್ಮನೆ ಮುಖ ನೋಡುತ್ತಾರೆ. ಕಾಶಿಗೆ ಹೋದವನೂ ಕಾಡಿಗೆ ಹೋದವನೂ ಒಂದೇ ಎಂಬ ಮಾತು ಕಾಲ್ನಡಿಗೆಯ ಕಾಲದ್ದು. ಈಗ ವಿಮಾನ ಬಂದಿದ್ದರೂ ಜನ ನೋಡುವ ರೀತಿ ಮಾತ್ರ ಕಾಲ್ನಡಿಗೆಯಲ್ಲೇ ಇದೆ. ನಾನೂ ನನ್ನ ಹೆಂಡತಿ ಶಮೀಮಳೂ ಮಕ್ಕಾ, ಮದೀನಾ ಮುಗಿಸಿ, ಬಾಗ್ದಾದಿನ ದರ್ಗಾಗಳನ್ನೂ ನೋಡಿಕೊಂಡು ಬರುವುದೆಂದು ಗೊತ್ತಾದ ದಿನದಿಂದ ನಮ್ಮ ಇಂಡಿ ಊರಿನ ಬಜಾರಿನಲ್ಲಿ ನನ್ನ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಆಡತೊಡಗಿದರು. ಮನುಷ್ಯನಿಗೆ ಇದಕ್ಕಿಂತ ಗಾಬರಿಯ ಸಂಗತಿ ಬೇರೆ ಬೇಕಿಲ್ಲ.

ನಮ್ಮದು ಬಟ್ಟೆ ಅಂಗಡಿ, ಅಬ್ಬಾನ ಕಾಲದಿಂದಲೂ ಇದೆ. ಸೀರೆ, ಕುಪ್ಪಸದ ಖಣ, ಧೋತರ ಎಲ್ಲವೂ ಸಿಗುತ್ತದೆ. ಹಿಂದಿನ ಕಪಾಟಿನಲ್ಲಿ ಶವಕ್ಕೆ ಸುತ್ತುವ ಕಫನಿನ ಬಿಳಿ ಬಟ್ಟೆಯ ತಾನೂ, ಅಂದರೆ ಇಡೀ ಸುರುಳಿಯೂ, ಇರುತ್ತದೆ. ಒಂದು ಖಣಕ್ಕಾಗಿ ಅರ್ಧ ದಿನ ಜಗ್ಗಾಡುವ ನಮ್ಮ ಗಿರಾಕಿಗಳು ಕಫನಿನ ಬಟ್ಟೆಗೆ ಮಾತ್ರ ಚೌಕಾಶಿ ಮಾಡುವುದಿಲ್ಲ. ಅದು ಇಲ್ಲಿಯ ರಿವಾಜು. ಎಷ್ಟು ಬಟ್ಟೆ ಬೇಕೆಂದು ದುಃಖದಲ್ಲಿ ಇದ್ದವರನ್ನು ಕೇಳಬಾರದು ಎಂಬುದು ಅಬ್ಬಾ ಕಲಿಸಿದ ಇನ್ನೊಂದು ರಿವಾಜು. ತೀರಿಕೊಂಡವರು ಯಾರೆಂದು ತಿಳಿದರೆ ಸಾಕು, ನಾವೇ ಅಂದಾಜು ಮಾಡಿ ಹರಿದು ಕೊಡಬೇಕು. ಹಾಗಾಗಿ ಊರಿನ ಪ್ರತಿಯೊಬ್ಬರ ಉದ್ದಗಲ ನನ್ನ ಕಣ್ಣಿಗೆ ಅಂಟಿಕೊಂಡಿದೆ. ಮದುವೆಮನೆಯಲ್ಲಿ ನಾನು ಯಾರನ್ನಾದರೂ ತಲೆಯಿಂದ ಕಾಲಿನವರೆಗೆ ನೋಡಿದೆನೆಂದರೆ ಅವರು ಮೆಲ್ಲಗೆ ಪಂಗತಿ ಬದಲಿಸುತ್ತಾರೆ. ನಾನು ನೋಡುವುದು ಅವರ ಹೊಸ ಅಂಗಿಯನ್ನೇ ಆದರೂ ನಂಬುವವರು ಯಾರು?

ಯಾತ್ರೆಯ ಸುದ್ದಿ ಹಬ್ಬಿದ ಮೇಲೆ ನೆಂಟರು ಬರತೊಡಗಿದರು. ಮಕ್ಕಾದ ಜಮ್‌ಜಮ್ ಬಾವಿಯ ನೀರಿನಲ್ಲಿ ಕಫನ್ ಅದ್ದಿ ತಂದಿಟ್ಟುಕೊಂಡರೆ ಕಡೆಯ ಪ್ರಯಾಣ ಹಗುರಾಗುತ್ತದೆ ಎಂಬುದು ನಮ್ಮವರ ನಂಬಿಕೆ. ಸಿಂದಗಿಯ ಭಾವ ಬಂದರು, ಬಾಗೇವಾಡಿಯ ನಾದಿನಿ ಬಂದಳು. ನನ್ನ ಅಂಗಡಿಯಲ್ಲೇ ಬಟ್ಟೆ ಕೊಂಡು, ನನ್ನ ಕೈಯಲ್ಲೇ ಹರಿಸಿಕೊಂಡು, ನನ್ನ ಕೈಗೇ ವಾಪಸು ಕೊಟ್ಟು, ಊಟ ಮಾಡಿ ನಗುನಗುತ್ತಾ ಹೋದರು. ಭಾವ ಉದ್ದ, ನಾದಿನಿ ಗಿಡ್ಡ. ಅದಲುಬದಲಾದರೆ ಜಗಳ ಲೋಕ ಮುಗಿಯುವ ಕಯಾಮತ್ತಿನ ತನಕ ನಡೆದೀತೆಂದು ಶಮೀಮ್ ಗಂಟುಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದಳು. ಒಂದು ಸೂಟ್‌ಕೇಸು ಪೂರ್ತಿ ಕಫನ್ ಆಯಿತು. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ತೆಗೆಸಿದರೆ ನಾನು ಏನೆಂದು ಹೇಳಲಿ? ಇವರೆಲ್ಲ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಸಾಹೇಬರೇ ಎನ್ನಲೇ? ನಮ್ಮ ಹಳೆಯ ಗಿರಾಕಿ ತಾಂಬಾದ ಗೌಡರು ತಮಗೂ ಒಂದು ಬಾಟಲಿ ಆ ನೀರು ಬೇಕೆಂದರು. ಗಂಗೆಯ ತಂಬಿಗೆ ನಿಮ್ಮ ದೇವರ ಕೋಣೆಯಲ್ಲಿ ಇದೆಯಲ್ಲ ಎಂದರೆ, ಮೇಲೆ ಹೋದ ಮೇಲೆ ಯಾವುದು ನಡೆಯುತ್ತದೋ ಯಾರಿಗೆ ಗೊತ್ತು, ಎರಡೂ ಇರಲಿ ಎಂದರು.

ಊರವರದೆಲ್ಲ ಆಯಿತು, ನಮ್ಮಿಬ್ಬರದು ಹರಿಯುವುದು ಯಾವಾಗ ಎಂದು ಶಮೀಮ್ ದಿನಾ ಕೇಳತೊಡಗಿದಳು. ಈ ತಾನು ಚೆನ್ನಾಗಿಲ್ಲ, ಹೊಸದು ಬರಲಿ ಎಂದೆ. ಹೊಸದು ಬಂತು, ಇದು ಬಹಳ ತೆಳುವಾಯಿತು ಎಂದೆ. ಶುಕ್ರವಾರ ಆಗಲಿ ಎಂದೆ, ಶುಕ್ರವಾರ ಬಂದಾಗ ಮಂಡಿ ನೋವು ಎಂದೆ. ಬಟ್ಟೆ ಹರಿಯುವುದಕ್ಕೂ ಮಂಡಿಗೂ ಏನು ಸಂಬಂಧ ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ಅಬ್ಬಾನೂ ಹೀಗೆಯೇ ಮಕ್ಕಾಕ್ಕೆಂದು ಗಂಟು ಕಟ್ಟಿಕೊಂಡು, ನೆಂಟರಿಷ್ಟರ ಅಪ್ಪಣೆಯನ್ನೆಲ್ಲ ಪಡೆದು, ಹೊರಡುವ ಮೊದಲೇ ಅಂಗಡಿಯ ಗಾದಿಯ ಮೇಲೆ ಕುಳಿತಲ್ಲೇ ಹೋಗಿಬಿಟ್ಟರು. ಅವರಿಗೆ ಬಟ್ಟೆ ಹರಿದವನು ನಾನು. ಆಗ ಅವರಿಗಿದ್ದ ವಯಸ್ಸು ಈಗ ನನಗಾಗಿದೆ. ಒಳಗೊಳಗೇ ಟಿಕೆಟ್ಟು ರದ್ದು ಮಾಡಿಸುವ ಯೋಚನೆಯೂ ಬಂದಿತ್ತು. ಸುತ್ತಿ ಬಳಸಿ ಹೇಳುವುದು ಯಾಕೆ, ನನಗೆ ಸಾಯುವ ಹೆದರಿಕೆ ಹಿಡಿದಿತ್ತು.

ಹೊರಡುವ ಮುನ್ನ ಹಿರಿಯರ ಬಳಿ ಹೋಗಿ, ಆಡಿದ್ದು ಮಾಡಿದ್ದು ಮಾಫ್ ಮಾಡಿರೆಂದು ಕೇಳಿಕೊಳ್ಳಬೇಕು. ಹಿರಿಯರೆಂದು ಉಳಿದವಳು ಮುದ್ದೇಬಿಹಾಳದಲ್ಲಿರುವ ನನ್ನ ಖಾಲಾ ಒಬ್ಬಳೇ, ನನ್ನ ತಾಯಿಯ ತಂಗಿ. ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಹಾಸಿಗೆ ಹಿಡಿದು ಮಲಗಿದ್ದಳು. ಅವಳ ಕಫನ್ ಎಂದೋ ಜಮ್‌ಜಮ್ ಕಂಡು ಬಂದು ಟ್ರಂಕಿನಲ್ಲಿ ಕುಳಿತಿದೆ. ಹಾಸಿಗೆ ಹಿಡಿಯುವ ಮೊದಲು ಪ್ರತಿ ಬೇಸಿಗೆಯಲ್ಲಿ ಅದನ್ನು ಮಾಳಿಗೆಯ ಮೇಲೆ, ಶ್ಯಾವಿಗೆ ಹಪ್ಪಳಗಳ ಪಕ್ಕದಲ್ಲಿ ಒಣಹಾಕಿ, ಮೊಮ್ಮಕ್ಕಳು ತುಳಿಯದಂತೆ ಕೋಲು ಹಿಡಿದು ಕಾಯುತ್ತಿದ್ದಳು. ಕಾದು ಕಾದು ಬಟ್ಟೆ ಹಳದಿಯಾಗಿದೆ.

ನಾನು ಮಾಫಿ ಕೇಳಿದೆ. ಅವಳು ತಲೆಯ ಮೇಲೆ ಕೈಯಿಟ್ಟಳು. ನಾನು ವಾಪಸು ಬರುವಷ್ಟರಲ್ಲಿ ಅವಳು ಇರುತ್ತಾಳೋ ಇಲ್ಲವೋ ಎಂದುಕೊಂಡು ಅಭ್ಯಾಸಬಲದಿಂದ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿಬಿಟ್ಟೆ. ಅವಳ ಕಣ್ಣಿಗೆ ಅದು ಬಿತ್ತು.

"ನಂದೇನ್ ನೋಡ್ತಿ, ನಂದು ತಯಾರ್ ಐತಿ," ಎಂದಳು. "ನಿಂದ್ ಎಲ್ಲೈತಿ?"

ಶಮೀಮ್ ಫೋನಿನಲ್ಲಿ ಎಲ್ಲ ಹೇಳಿದ್ದಳೆಂದು ಆಗ ತಿಳಿಯಿತು. ಹೊಸ ತಾನು ತೆಳುವಾಗಿದೆ ಎಂದು ಏನೋ ತೊದಲಿದೆ.

"ಎದ್ದ್ ನಿಂದ್ರು. ನೆಟ್ಟಗ ನಿಂದ್ರು."

ನಿಂತೆ. ಮಂಜಾದ ಕಣ್ಣುಗಳಿಂದ ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. ಇಷ್ಟು ವರ್ಷ ಊರವರನ್ನೆಲ್ಲ ನಾನು ನೋಡಿದ್ದು ಹೇಗಿತ್ತೆಂದು ನನಗೆ ಆಗ ಗೊತ್ತಾಯಿತು.

"ನಿಮ್ಮಪ್ಪನಷ್ಟ ಅದಿ. ಅವಂಗ ಎಷ್ಟ್ ಹರದಿದ್ದಿ, ಅಷ್ಟ ಹರಿ," ಎಂದಳು. "ಅದಕ್ಕ ಅಂಜಬ್ಯಾಡೋ. ಬಟ್ಟಿ ಮನ್ಯಾಗ ಇಟ್ಕೊಂಡ್ರ ಯಾರೂ ಸಾಯೂದಿಲ್ಲ. ನನ್ನ ನೋಡು, ಎಷ್ಟ್ ವರ್ಷ ಹಪ್ಪಳದ ಜೋಡಿ ಒಣಗಸೇನಿ."

ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ನಾದಿನಿಯ ಮನೆ ಹತ್ತಿರವಿದ್ದರೂ ಹೋಗಲಿಲ್ಲ. ಬಸ್ಸಿನಲ್ಲಿ ಅತ್ತಿದ್ದ ಮುಖ ತೋರಿಸುವುದು ಬೇಡವಾಗಿತ್ತು. ನೇರವಾಗಿ ಇಂಡಿಗೆ ಬಂದು ಅಂಗಡಿಗೆ ಹೋದೆ. ಗಾದಿಯ ಮೇಲೆ ಶಮೀಮ್ ಕುಳಿತಿದ್ದಳು. ನಾನು ಹಿಂದಿನ ಕಪಾಟಿನಿಂದ ತಾನು ಇಳಿಸಿದೆ. ಮೊದಲು ಅವಳದು ಹರಿದೆ. ಹೆಂಡತಿಯದು ಹರಿಯುವಾಗ ಇಷ್ಟು ಸಂಕಟವಾಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಆಮೇಲೆ ನನ್ನದು. ಅಬ್ಬಾನಿಗೆ ಹರಿದ ಅಳತೆ ಕೈಗೆ ಚೆನ್ನಾಗಿ ನೆನಪಿತ್ತು. ಆದರೂ ಗಜಕೋಲು ಅಲ್ಲಿಯವರೆಗೆ ಹೋಗಲು ಒಪ್ಪಲಿಲ್ಲ. ಸ್ವಲ್ಪ ಈಚೆಗೇ ಬೆರಳಿಟ್ಟು, ಇಷ್ಟು ಸಾಕಾಗಬಹುದು, ನಾನೇನು ಅಬ್ಬಾನಷ್ಟು ಎತ್ತರವಿಲ್ಲ ಎಂದು ಗೊಣಗಿದೆ.

ಶಮೀಮ್ ತಲೆ ಎತ್ತಿ ನೋಡಿದಳು.

"ಗಿರಾಕಿಗೆ ಅಳತಿ ಕಡಿಮಿ ಕೊಡಬ್ಯಾಡ್ರಿ," ಎಂದಳು.

ಬೆರಳು ಮುಂದೆ ಸರಿಸಿ, ಪೂರ್ತಿ ಅಳತೆಗೆ ಹರಿದೆ. ಅಬ್ಬಾನ ಕಾಲದಿಂದ ಇಂದಿನವರೆಗೆ ನಮ್ಮ ಅಂಗಡಿಯಲ್ಲಿ ಆ ಬಟ್ಟೆಗೆ ಚೌಕಾಶಿ ಮಾಡಿದ ಗಿರಾಕಿ ಒಬ್ಬನೇ, ಅವನೂ ಅಂಗಡಿಯ ಮಾಲೀಕ.